ನಾಲ್ಕಡಿ ಅಗಲದ ಬಚ್ಚಲಲ್ಲೂ ಕೈಕಾಲಾಡಬೇಕಾದರೆ: ಮುಂಬಯಿ ಫ್ಲ್ಯಾಟಿನ ಬಾತ್‌ರೂಮಿಗೊಂದು ಸಮಗ್ರ ಮಾರ್ಗದರ್ಶಿ

ಡೊಂಬಿವಲಿ ಇರಲಿ, ಮುಲುಂಡ್ ಇರಲಿ, ಮೀರಾ ರೋಡ್ ಇರಲಿ, ಒಂದು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಬಾತ್‌ರೂಮಿನ ಪಾಲಿಗೆ ಬರುವುದು ಹೆಚ್ಚುಕಡಿಮೆ ನಾಲ್ಕಡಿ ಅಗಲ, ಆರೇಳಡಿ ಉದ್ದ. ಅಷ್ಟರಲ್ಲೇ ಕಮೋಡು, ಬೇಸಿನ್, ಶವರ್, ಗೀಸರ್, ನೀರು ತುಂಬಿಡುವ ಡ್ರಮ್, ಎರಡು ಬಕೆಟ್, ಕೂತು ಮೀಯುವ ಸ್ಟೂಲು ಎಲ್ಲ ಹಿಡಿಸಬೇಕು. ಕೆಲವು ಮನೆಗಳಲ್ಲಿ ವಾಷಿಂಗ್ ಮಷಿನ್ ಕೂಡ ಅಲ್ಲೇ.

ಟೈಲ್ಸ್ ಅಂಗಡಿಗೆ ಹೋದರೆ ತಿಳಿಬಣ್ಣ ಹಾಕಿ, ದೊಡ್ಡದಾಗಿ ಕಾಣುತ್ತದೆ ಎನ್ನುತ್ತಾರೆ. ಸುಳ್ಳೇನಲ್ಲ. ಆದರೆ ಬಣ್ಣದ ಸರದಿ ಬರುವುದು ಬಹಳ ತಡವಾಗಿ. ಬಾಗಿಲು ತೆಗೆದ ಕೂಡಲೇ ಕಣ್ಣು ಅಳೆಯುವುದು ನೆಲವನ್ನು. ಎದುರಿನ ಗೋಡೆಯ ಬುಡದವರೆಗೂ ನೆಲ ಅಡ್ಡಿಯಿಲ್ಲದೆ ಕಂಡರೆ ಚಿಕ್ಕ ಬಚ್ಚಲೂ ಇಕ್ಕಟ್ಟೆನಿಸುವುದಿಲ್ಲ. ನಡುವೆ ಡ್ರಮ್, ಕಮೋಡಿನ ಪೀಠ, ಬೇಸಿನ್ನಿನ ಕಂಬ ಬಂದರೆ ಹಾಲುಬಿಳುಪು ಟೈಲ್ಸ್ ಹಾಕಿಯೂ ಪ್ರಯೋಜನವಿಲ್ಲ. ಹಾಗಾಗಿ ಮೊದಲು ನೆಲ ಬಿಡಿಸಿಕೊಳ್ಳುವ ಕೆಲಸ, ಆಮೇಲೆ ಗೋಡೆ, ಕೊನೆಗೆ ಬೆಳಕು ಮತ್ತು ಕನ್ನಡಿ.

ಸುತ್ತಿಗೆ ಎತ್ತುವ ಮೊದಲು

ಟೇಪ್ ಹಿಡಿದು ಕೋಣೆಯ ಉದ್ದಗಲವನ್ನು ಮೂರು ಎತ್ತರದಲ್ಲಿ ಅಳೆಯಿರಿ: ನೆಲದ ಬಳಿ, ಮೂರಡಿ ಮೇಲೆ, ಆರಡಿ ಮೇಲೆ. ಹಳೆಯ ಕಟ್ಟಡಗಳಲ್ಲಿ ಈ ಮೂರೂ ಒಂದೇ ಬರುವುದು ಅಪರೂಪ. ಒಂದಿಂಚು ವ್ಯತ್ಯಾಸ ಮಾಮೂಲು. ಸಾಮಾನು ಕೊಳ್ಳುವಾಗ ಅತಿ ಕಡಿಮೆ ಬಂದ ಅಳತೆಯನ್ನೇ ಲೆಕ್ಕಕ್ಕೆ ಹಿಡಿಯಬೇಕು. ಜೊತೆಗೆ ಇವಿಷ್ಟನ್ನು ಬರೆದಿಟ್ಟುಕೊಳ್ಳಿ: ಬಾಗಿಲಿನ ಅಗಲ ಮತ್ತು ಅದು ತೆರೆಯುವ ದಿಕ್ಕು, ನಹಾನಿ ಟ್ರ್ಯಾಪ್ (ನೆಲದ ನೀರು ಹೊರಹೋಗುವ ಬಾಯಿ) ಇರುವ ಜಾಗ, ಕಮೋಡಿನ ಪೈಪು ನೆಲಕ್ಕೆ ಇಳಿಯುತ್ತದೋ ಗೋಡೆಗೆ ಹೋಗುತ್ತದೋ, ಕಿಟಕಿಯ ಎತ್ತರ, ಲಾಫ್ಟಿನ (ಮೇಲಿನ ಅಟ್ಟದ) ತಳ ಎಷ್ಟು ಎತ್ತರದಲ್ಲಿದೆ, ಎಲ್ಲೆಲ್ಲಿ ಕಂಬ ಮತ್ತು ಬೀಮು ಇದೆ.

ಈಗ ಹಾಲಿನ ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಅದೇ ಅಳತೆಯ ಚೌಕ ಬರೆಯಿರಿ. ಅದರೊಳಗೆ ಕಮೋಡಿನ ಜಾಗಕ್ಕೆ ರಟ್ಟಿನ ಡಬ್ಬ ಇಟ್ಟು, ಬಕೆಟ್ ಮತ್ತು ಸ್ಟೂಲು ಇಟ್ಟು ಕೂತು, ಮಗ್ಗಿನಿಂದ ತಲೆಯ ಮೇಲೆ ನೀರು ಹೊಯ್ದುಕೊಂಡಂತೆ ಕೈ ಆಡಿಸಿ ನೋಡಿ. ಮೊಣಕೈ ಎಲ್ಲಿ ತಾಗುತ್ತದೆ ಎನ್ನುವುದು ಅಲ್ಲೇ ತಿಳಿದುಹೋಗುತ್ತದೆ. ಕೂತು ಮೀಯುವವರಿಗೆ ಸುಮಾರು ಎರಡೂವರೆ ಅಡಿ ಅಗಲ, ಮೂರಡಿ ಉದ್ದ ಬೇಕು. ಪ್ಲ್ಯಾನಿನಲ್ಲಿ ನಿಂತು ಶವರ್ ಮಾಡುವವರ ಚಿತ್ರ ಮಾತ್ರ ಇರುತ್ತದೆ. ನಮ್ಮ ಮನೆಗಳಲ್ಲಿ ಅಜ್ಜಿಯೂ ಇರುತ್ತಾರೆ, ಮಗುವನ್ನು ಮೀಯಿಸುವವರೂ ಇರುತ್ತಾರೆ.

ಸೊಸೈಟಿಗೆ (ಕಟ್ಟಡದ ನಿವಾಸಿಗಳ ಸಂಘಕ್ಕೆ) ಅರ್ಜಿ ಕೊಟ್ಟು ಅನುಮತಿ ಪತ್ರ ಪಡೆಯದೆ ಒಂದು ಟೈಲ್ಸನ್ನೂ ಕೀಳಬೇಡಿ. ಒಡೆಯುವ ಕೆಲಸಕ್ಕೆ ಯಾವ ವೇಳೆ, ಒಡೆದ ಚೂರಿನ (ಡೆಬ್ರಿ) ಚೀಲ ಎಲ್ಲಿ ಇಡಬೇಕು, ಲಿಫ್ಟಿನಲ್ಲಿ ಒಯ್ಯಬಹುದೇ, ಡಿಪಾಜಿಟ್ ಎಷ್ಟು ಎಂಬುದು ಪ್ರತಿ ಸೊಸೈಟಿಯಲ್ಲೂ ಬೇರೆ. ಕೆಳಗಿನ ಮನೆಯವರ ಬಾತ್‌ರೂಮಿನ ಛಾವಣಿಯ ಫೋಟೋವನ್ನು ಕೆಲಸಕ್ಕೆ ಮುಂಚೆಯೇ ಅವರೆದುರು ತೆಗೆದಿಟ್ಟುಕೊಳ್ಳಿ. ಹಳೆಯ ಕಲೆ ಯಾವುದು, ಹೊಸ ಸೋರಿಕೆ ಯಾವುದು ಎಂಬ ಜಗಳ ಅಲ್ಲಿಗೆ ಮುಗಿಯುತ್ತದೆ. ಗಿರಗಾಂವ್, ದಾದರ್, ಮಾಟುಂಗಾದ ಕಡೆಯ ಹಳೆಯ ಕಟ್ಟಡಗಳಲ್ಲಿ ಗೋಡೆಯೇ ಭಾರ ಹೊತ್ತಿರಬಹುದು. ಅಲ್ಲಿ ಗೋಡೆ ತೆಗೆಯುವ ಮಾತಿದ್ದರೆ ಸ್ಟ್ರಕ್ಚರಲ್ ಇಂಜಿನಿಯರರ ಲಿಖಿತ ಅಭಿಪ್ರಾಯ ಬೇಕೇ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಗಾರೆಯೂ ಜಲನಿರೋಧಕ ಲೇಪವೂ ಒಣಗಲು ಸತಾಯಿಸುತ್ತವೆ. ದೀಪಾವಳಿ ಕಳೆದ ಮೇಲೆ ಶುರುಮಾಡುವುದು ಒಳ್ಳೆಯದು.

ಬಾಗಿಲು

ಎರಡೂವರೆ ಅಡಿ ಅಗಲದ ಬಾಗಿಲು ಒಳಗೆ ತೆರೆದರೆ ಅದು ತಿರುಗಲು ತಿನ್ನುವ ಜಾಗ ಸುಮಾರು 5 ಚದರ ಅಡಿ. ಇಡೀ ಕೋಣೆ ಇರುವುದೇ 24 ಚದರ ಅಡಿ. ಅಂದರೆ ಐದರಲ್ಲೊಂದು ಪಾಲು ಬಾಗಿಲಿಗೇ ಹೋಯಿತು. ಅದೇ ಬಾಗಿಲನ್ನು ಹೊರಗೆ ತೆರೆಯುವಂತೆ ತಿರುಗಿಸಿ ಹಾಕಿಸುವುದು ಈ ಬರಹದಲ್ಲಿರುವ ಎಲ್ಲ ಕೆಲಸಗಳಲ್ಲಿ ಅತಿ ಅಗ್ಗದ್ದು, ಅತಿ ಹೆಚ್ಚು ಲಾಭದ್ದು. ವಯಸ್ಸಾದವರು ಒಳಗೆ ಜಾರಿ ಬಿದ್ದು ಬಾಗಿಲಿಗೆ ಅಡ್ಡವಾದರೂ ಹೊರಗಿನಿಂದ ಎಳೆದು ತೆಗೆಯಬಹುದು. ಚಿಲಕ ಮಾತ್ರ ಹೊರಗಿನಿಂದ ನಾಣ್ಯ ಹಾಕಿ ತಿರುಗಿಸಿ ತೆಗೆಯುವಂಥದ್ದಿರಲಿ.

ಹೊರಗೆ ತೆರೆಯುವ ಬಾಗಿಲಿಗೆ ಒಂದು ತೊಂದರೆ ಇದೆ: ಒಳಮೈಗೆ ಸಿಡಿದ ನೀರು ಇಳಿದು, ತೆರೆದಾಗ ಪ್ಯಾಸೇಜಿನಲ್ಲಿ ತೊಟ್ಟಿಕ್ಕುತ್ತದೆ. ಬಾಗಿಲಿನ ಒಳಮೈಯ ಬುಡದಲ್ಲಿ ಅಲ್ಯೂಮಿನಿಯಂ ಪಟ್ಟಿಯೊಂದನ್ನು ನೀರು ಹೊಸ್ತಿಲಿನ ಒಳಗೇ ಬೀಳುವಂತೆ ಓರೆಯಾಗಿ ಕೂರಿಸಿದರೆ ಸಾಕು. ಪ್ಯಾಸೇಜೇ ಇಕ್ಕಟ್ಟಾಗಿದ್ದರೆ ಗೋಡೆಯ ಹೊರಮೈಗೆ ಸರಿಯುವ ಸ್ಲೈಡಿಂಗ್ ಬಾಗಿಲು ಹಾಕಬಹುದು, ಆದರೆ ಬದಿಯ ಗೋಡೆಯಲ್ಲಿ ಬಾಗಿಲಿನಷ್ಟೇ ಅಗಲದ ಖಾಲಿ ಜಾಗ ಬೇಕು, ಅಲ್ಲಿ ಸ್ವಿಚ್ ಬೋರ್ಡ್ ಇರಬಾರದು. ಮಡಚುವ ಪಿವಿಸಿ ಬಾಗಿಲು ನಮ್ಮ ದೃಷ್ಟಿಯಲ್ಲಿ ಕೊನೆಯ ಉಪಾಯ; ಅದರ ಕೀಲುಗಳು ಬೇಗ ಸಡಿಲವಾಗುತ್ತವೆ.

ಕಮೋಡು: ಇಂಚಿನ ಲೆಕ್ಕ

ಕಮೋಡಿನ ನಡುಗೆರೆಯಿಂದ ಪಕ್ಕದ ಗೋಡೆಗೆ ಕನಿಷ್ಠ 15 ಇಂಚು, ಸಾಧ್ಯವಾದರೆ 18 ಇಂಚು ಬಿಡಬೇಕು. ಮುಂದೆ ಮೊಣಕಾಲಿಗೆ 21ರಿಂದ 24 ಇಂಚು ಖಾಲಿ ಬೇಕು. ನಾಲ್ಕಡಿ ಅಗಲದ ಕೋಣೆಯಲ್ಲಿ ಕಮೋಡನ್ನು ಕಿರಿಯ ಗೋಡೆಗೆ, ಅಂದರೆ ಉದ್ದದ ಕೊನೆಯಲ್ಲಿ ಕೂರಿಸಿದರೆ ಈ ಲೆಕ್ಕ ಸಲೀಸಾಗಿ ಹೊಂದುತ್ತದೆ. ಉದ್ದದ ಗೋಡೆಗೆ ಕೂರಿಸಿದರೆ ಎದುರಿನ ಗೋಡೆ ಮೊಣಕಾಲಿಗೇ ಬರುತ್ತದೆ.

ನೆಲಕ್ಕೆ ಕೂರುವ ಕಮೋಡಿಗಿಂತ ಗೋಡೆಗೆ ತೂಗುವ ಕಮೋಡು ಜಾಗ ಉಳಿಸುತ್ತದೆ ಎಂಬ ಮಾತನ್ನು ಸ್ವಲ್ಪ ತೂಗಿ ನೋಡಬೇಕು. ಗೋಡೆಗೆ ತೂಗುವ ಕಮೋಡು ಮುಂದೆ ಚಾಚುವುದು 19ರಿಂದ 22 ಇಂಚು. ಆದರೆ ಅದರ ಫ್ಲಶ್ ಟ್ಯಾಂಕು ಮತ್ತು ಕಬ್ಬಿಣದ ಫ್ರೇಮನ್ನು ಮುಚ್ಚಲು ಗೋಡೆಯ ಮುಂದೆ ಐದಾರು ಇಂಚಿನ ಪೆಟ್ಟಿಗೆ ಕಟ್ಟಬೇಕು. ಎರಡನ್ನೂ ಕೂಡಿಸಿದರೆ ಮಾಮೂಲಿ ಕಮೋಡಿನ 26ರಿಂದ 28 ಇಂಚಿನ ಹತ್ತಿರಕ್ಕೇ ಬರುತ್ತದೆ. ಉಳಿಯುವುದು ಇಂಚಲ್ಲ, ಕೆಳಗಿನ ನೆಲ. ಆ ನೆಲ ಗೋಡೆಯವರೆಗೆ ಕಾಣುತ್ತದೆ, ಪೊರಕೆ ಹಾಯುತ್ತದೆ, ಮೂಲೆಯಲ್ಲಿ ಕೊಳೆ ಕಟ್ಟುವುದಿಲ್ಲ. ಪೆಟ್ಟಿಗೆಯ ಮೇಲ್ಭಾಗಕ್ಕೆ ಗ್ರಾನೈಟ್ ಪಟ್ಟಿ ಹಾಕಿದರೆ ಶಾಂಪೂ, ಸೋಪಿನಪುಡಿ ಇಡಲು ಒಂದು ಕಟ್ಟೆಯೂ ಸಿಕ್ಕಿತು.

ಇಲ್ಲಿ ಆಗುವ ಎಡವಟ್ಟುಗಳು ಮೂರು.

ಒಂದು, ಫ್ರೇಮಿನ ಖರ್ಚು ಉಳಿಸಲು ನಾಲ್ಕಿಂಚಿನ ಇಟ್ಟಿಗೆ ಗೋಡೆಗೇ ಬೋಲ್ಟ್ ಹಾಕಿ ಕಮೋಡು ತೂಗಿಸುವುದು. ಆ ಗೋಡೆ ಮನುಷ್ಯನ ಭಾರವನ್ನು ಮುಂದಕ್ಕೆ ಎಳೆಯುವ ಬಲಕ್ಕೆ ತಾಳುವಂಥದ್ದಲ್ಲ. ಮೊದಲು ಟೈಲ್ಸ್ ಬಿರುಕು ಬಿಡುತ್ತದೆ, ಆಮೇಲೆ ಬೋಲ್ಟ್ ಅಲುಗುತ್ತದೆ. ಭಾರ ನೆಲಕ್ಕೆ ಇಳಿಯುವ ಫ್ರೇಮೇ ಬೇಕು, ಅದರ ಕಾಲು ಗಟ್ಟಿ ಕಾಂಕ್ರೀಟಿನ ಮೇಲೆ ಇರಬೇಕು, ತುಂಬಿಸಿದ ಇಟ್ಟಿಗೆ ಚೂರಿನ ಮೇಲಲ್ಲ.

ಎರಡು, ಫ್ಲಶ್ ಒತ್ತುವ ಪ್ಲೇಟಿನ ಸುತ್ತ ಟೈಲ್ಸನ್ನು ಬಿಗಿಯಾಗಿ ಹಾಕಿ ಗ್ರೌಟ್ (ಸಂದು ಮುಚ್ಚುವ ಗಾರೆ) ತುಂಬುವುದು. ಟ್ಯಾಂಕಿನ ರಬ್ಬರ್ ವಾಷರು ಕೆಟ್ಟಾಗ ಕೈ ಹಾಕಲು ಇರುವ ಬಾಗಿಲೇ ಆ ಪ್ಲೇಟು.

ಮೂರು, ನೆಲಕ್ಕೆ ಇಳಿಯುವ ಪೈಪನ್ನೇ ಉಳಿಸಿಕೊಂಡು ಹೊಸ ಕಮೋಡು ತರುವವರು ಮಾಡುವ ತಪ್ಪು. ಗೋಡೆಯ ಮುಗಿದ ಮೈಯಿಂದ ಪೈಪಿನ ನಡುವಿಗೆ ಎಷ್ಟು ದೂರ ಎಂದು ಅಳೆಯದೆ ಕೊಳ್ಳುತ್ತಾರೆ. ಈ ಅಳತೆ ಸಾಮಾನ್ಯವಾಗಿ 100, 225 ಅಥವಾ 300 ಮಿ.ಮೀ. ಹಳೆಯ ಟೈಲ್ಸಿನ ಮೇಲೆ ಹೊಸದು ಅಂಟಿಸಿದರೆ ಗೋಡೆ 12ರಿಂದ 15 ಮಿ.ಮೀ. ಮುಂದೆ ಬರುತ್ತದೆ, ಆಗ ಟ್ಯಾಂಕು ಗೋಡೆಗೆ ಒತ್ತಿ ಕಮೋಡು ಸರಿಯಾಗಿ ಕೂರುವುದಿಲ್ಲ. ಟೈಲ್ಸ್ ಯಾವುದು, ಎಷ್ಟು ದಪ್ಪ ಎಂಬುದು ನಿಶ್ಚಯವಾದ ಮೇಲೆಯೇ ಕಮೋಡಿನ ಆರ್ಡರ್ ಕೊಡಿ.

ಬೇಸಿನ್ ಒಳಗೇ ಇರಬೇಕೇ?

ಬೇಕಿಲ್ಲ. ಮುಂಬಯಿಯ ಎಷ್ಟೋ ಫ್ಲ್ಯಾಟುಗಳಲ್ಲಿ ಬೇಸಿನ್ ಪ್ಯಾಸೇಜಿನಲ್ಲೇ ಇದೆ, ಅದು ಜಾಣತನದ ವ್ಯವಸ್ಥೆ. ಒಬ್ಬರು ಸ್ನಾನಕ್ಕೆ ಹೋದರೂ ಇನ್ನೊಬ್ಬರು ಹಲ್ಲುಜ್ಜಬಹುದು. ಬೆಳಿಗ್ಗೆ 7:40ರ ಲೋಕಲ್ ಹಿಡಿಯುವ ಮನೆಯಲ್ಲಿ ಇದರ ಬೆಲೆ ಗೊತ್ತು. ಬಾತ್‌ರೂಮಿನ ಗೋಡೆಯ ಹೊರಮೈಗೆ ಬೇಸಿನ್ ಕೂರಿಸಿ, ಹೊಲಸು ನೀರಿನ ಪೈಪನ್ನು ಗೋಡೆ ತೂರಿಸಿ ಒಳಗಿನ ನಹಾನಿಗೆ ಬಿಟ್ಟರೆ ಆಯಿತು. ಒಳಗೇ ಬೇಕೆಂದರೆ 16 ಇಂಚು ಅಗಲ, 12 ಇಂಚು ಆಳದ ಗೋಡೆ ಬೇಸಿನ್ ಅಥವಾ ಮೂಲೆ ಬೇಸಿನ್ ತೆಗೆದುಕೊಳ್ಳಿ, ಕಂಬ ಬೇಡ. ಅಂಚು ನೆಲದಿಂದ 32ರಿಂದ 34 ಇಂಚಿನಲ್ಲಿದ್ದರೆ ಅಡಿಯಲ್ಲಿ ಬಕೆಟ್ ನಿಲ್ಲುತ್ತದೆ.

ನೆಲ: ಢಾಲ್ (ಇಳಿಜಾರು), ಜಲನಿರೋಧ, ಮತ್ತು ಮುಗಿಯದ ಸೋರಿಕೆ

ಎಲ್ಲಕ್ಕಿಂತ ತಾಳ್ಮೆ ಬೇಕಾದ ಭಾಗ ಇದು. ಬಾತ್‌ರೂಮಿನ ಸ್ಲ್ಯಾಬನ್ನು ಎಂಟು-ಹತ್ತು ಇಂಚು ಕೆಳಗೆ ಇಳಿಸಿ, ಆ ಗುಂಡಿಯಲ್ಲಿ ಪೈಪು ಹಾಯಿಸಿ, ಇಟ್ಟಿಗೆ ಚೂರಿನ ಕೋಬಾ ತುಂಬಿ, ಮೇಲೆ ಲಾದಿ (ನೆಲದ ಟೈಲ್ಸ್) ಹಾಕಿರುತ್ತಾರೆ. ಮೇಲಿನ ಲಾದಿ ಮಾತ್ರ ಬದಲಿಸಿ ಕೆಳಗಿನದನ್ನು ಮುಟ್ಟದಿದ್ದರೆ ಅರ್ಧ ಖರ್ಚು ಉಳಿಯುತ್ತದೆ. ಆದರೆ ಕಮೋಡನ್ನೋ ನಹಾನಿಯನ್ನೋ ಸರಿಸಿದಿರಾದರೆ ಕೋಬಾ ಒಡೆಯಲೇಬೇಕು, ಒಡೆದ ಮೇಲೆ ತೇಪೆ ಹಾಕುವಂತಿಲ್ಲ. ಹಳೆಯ ಲೇಪಕ್ಕೂ ಹೊಸ ಲೇಪಕ್ಕೂ ನಡುವಿನ ಗೆರೆಯಲ್ಲೇ ನೀರು ದಾರಿ ಹುಡುಕುತ್ತದೆ. ಕೆಲಸದ ಕ್ರಮ ಹೀಗೆ:

1. ಸ್ಲ್ಯಾಬಿನವರೆಗೆ ತೆಗೆದು ಗುಡಿಸಿ, ತೊಳೆದು, ಬಿರುಕುಗಳನ್ನು ತುಂಬಿಸಿ.
2. ಪೈಪುಗಳು ಗೋಡೆ ಅಥವಾ ಸ್ಲ್ಯಾಬು ತೂರುವ ಕಡೆ ಸುತ್ತಲೂ ಕುಗ್ಗದ ಗ್ರೌಟ್ ತುಂಬಿಸಿ. ಸೋರಿಕೆ ಹುಟ್ಟುವುದು ನೆಲದ ನಡುವಿನಲ್ಲಲ್ಲ, ಈ ತೂತುಗಳ ಸುತ್ತ ಮತ್ತು ಮೂಲೆಗಳಲ್ಲಿ.
3. ಗೋಡೆ-ನೆಲ ಸೇರುವ ಮೂಲೆಗೆ ಗಾರೆಯಿಂದ ಗುಂಡಗಿನ ಅಂಚು ಕೊಡಿಸಿ. ನೇರ ಮೂಲೆಯಲ್ಲಿ ಲೇಪ ಹರಿಯುತ್ತದೆ.
4. ಪಾಲಿಮರ್ ಬೆರೆಸಿದ ಸಿಮೆಂಟ್ ಲೇಪ ಎರಡು ಕೋಟು. ಮೊದಲನೆಯದು ಉದ್ದಕ್ಕೆ, ಎರಡನೆಯದು ಅಡ್ಡಕ್ಕೆ ಬಳಿಯಬೇಕು. ಗೋಡೆಯ ಮೇಲೆ ಒಂದಡಿ, ಮೀಯುವ ಕಡೆ ಆರಡಿ ಎತ್ತರದವರೆಗೆ.
5. ಲೇಪ ಒಣಗಿದ ಮೇಲೆ ನಹಾನಿಯ ಬಾಯಿ ಮುಚ್ಚಿ ಎರಡಿಂಚು ನೀರು ನಿಲ್ಲಿಸಿ 48 ಗಂಟೆ ಬಿಡಿ. ನೀರಿನ ಮಟ್ಟಕ್ಕೆ ಗೋಡೆಯಲ್ಲಿ ಪೆನ್ಸಿಲ್ ಗೆರೆ ಹಾಕಿ. ಕೆಳಗಿನ ಮನೆಯ ಛಾವಣಿ ನೋಡಿ ಬನ್ನಿ.
6. ಕೋಬಾ ತುಂಬಿ, ಢಾಲ್ ಕೊಟ್ಟು, ಮತ್ತೊಮ್ಮೆ ಲೇಪ, ಮತ್ತೊಮ್ಮೆ ನೀರು ನಿಲ್ಲಿಸುವ ಪರೀಕ್ಷೆ. ಆಮೇಲೆ ಟೈಲ್ಸ್.

ಎರಡನೆಯ ಪರೀಕ್ಷೆ ಬೇಡ, ಎರಡು ದಿನ ಸುಮ್ಮನೆ ಹೋಗುತ್ತದೆ ಎಂದು ಕಡಿಯಾ (ಗಾರೆ ಕೆಲಸದವನು) ಹೇಳಿಯೇ ಹೇಳುತ್ತಾನೆ. ಒಪ್ಪಬೇಡಿ.

ಢಾಲ್ ಎಂದರೆ 80ಕ್ಕೆ 1: ನಾಲ್ಕಡಿಗೆ 15 ಮಿ.ಮೀ., ಆರಡಿಗೆ 23 ಮಿ.ಮೀ. ಇದಕ್ಕಿಂತ ಕಡಿಮೆಯಾದರೆ ನೀರು ನಿಂತು ಪಾಚಿ ಕಟ್ಟುತ್ತದೆ. ಬಹಳ ಹೆಚ್ಚಾದರೆ ಸ್ಟೂಲು ಅಲುಗುತ್ತದೆ, ಮುದುಕರ ಹೆಜ್ಜೆ ತಪ್ಪುತ್ತದೆ. ಟೈಲ್ಸ್ ಕೂರಿಸಿದ ಮಾರನೆಯ ದಿನ ಮೂಲೆಮೂಲೆಗೆ ಒಂದೊಂದು ಮಗ್ಗು ನೀರು ಹೊಯ್ದು ಐದು ನಿಮಿಷ ಬಿಟ್ಟು ನೋಡಿ. ಅಂಗೈ ಅಗಲದಷ್ಟು ನೀರು ನಿಂತರೂ ಆ ತುಂಡನ್ನು ಎತ್ತಿಸಿ ಮತ್ತೆ ಕೂರಿಸಿ, ಗ್ರೌಟ್ ಹಾಕಿದ ಮೇಲೆ ಯಾರೂ ಕೇಳುವುದಿಲ್ಲ.

ನೆಲ ದೊಡ್ಡದಾಗಿ ಕಾಣಬೇಕೆಂದು ಎರಡಡಿ ಚೌಕದ ಟೈಲ್ಸ್ ತಂದು ಮಧ್ಯದ ನಹಾನಿಗೆ ಢಾಲ್ ಕೊಡಲು ಹೊರಟರೆ ಪ್ರತಿ ತುಂಡನ್ನೂ ಮೂಲೆಯಿಂದ ಮೂಲೆಗೆ ಕೊಯ್ಯಬೇಕಾಗುತ್ತದೆ. ಕಡಿಮೆಯಾಗಬೇಕಿದ್ದ ಗೆರೆಗಳು ಇಮ್ಮಡಿಯಾಗುತ್ತವೆ. ದೊಡ್ಡ ಟೈಲ್ಸೇ ಬೇಕಾದರೆ ಎದುರು ಗೋಡೆಯ ಬುಡದಲ್ಲಿ ಎರಡರಿಂದ ಮೂರಡಿ ಉದ್ದದ ಪಟ್ಟಿ ಜಾಲರಿ ಹಾಕಿಸಿ, ಇಡೀ ನೆಲಕ್ಕೆ ಒಂದೇ ದಿಕ್ಕಿನ ಢಾಲ್ ಕೊಡಿಸಿ. ಅದರಡಿ ಎರಡಿಂಚು ನೀರು ನಿಲ್ಲುವ ಟ್ರ್ಯಾಪ್ ಇರಲೇಬೇಕು, ಇಲ್ಲವಾದರೆ ಜಿರಳೆ ಮತ್ತು ವಾಸನೆ. ಜಾಲರಿ ಕೈಯಲ್ಲಿ ಎತ್ತಿ ಕೂದಲು ತೆಗೆಯುವಂತಿರಬೇಕು. ಅಷ್ಟು ಬೇಡವೆಂದರೆ ಒಂದಡಿ ಚೌಕದ, ಜಾರದ ಮ್ಯಾಟ್ ಟೈಲ್ಸ್ ಸಾಕು. ಮುಗಿದ ನೆಲ ಪ್ಯಾಸೇಜಿಗಿಂತ ಅರ್ಧದಿಂದ ಮುಕ್ಕಾಲಿಂಚು ತಗ್ಗಿರಲಿ. ಶವರಿನ ಸುತ್ತ ಕಟ್ಟುವ ಮೂರ್ನಾಲ್ಕಿಂಚಿನ ಕಟ್ಟೆ ಬೇಡ. ನೆಲವನ್ನು ಎರಡು ತುಂಡು ಮಾಡುತ್ತದೆ, ಎಡವಿಸುತ್ತದೆ.

ಗೋಡೆ ಮತ್ತು ಟೈಲ್ಸ್

ನಿಜವಾಗಿಯೂ ಇಂಚು ಗಳಿಸುವ ಜಾಗ ಗೋಡೆಯಲ್ಲಿದೆ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಹಳೆಯ ಟೈಲ್ಸಿನ ಹಿಂದೆ ಒಂದರಿಂದ ಒಂದೂವರೆ ಇಂಚು ಗಾರೆ ಇರುತ್ತದೆ. ಅದನ್ನು ಇಟ್ಟಿಗೆಯವರೆಗೆ ಕೆತ್ತಿಸಿ, ತೂಕಗುಂಡು ಹಿಡಿದು ಅರ್ಧ ಇಂಚು ಪ್ಲಾಸ್ಟರ್ ಮಾಡಿಸಿ, ಗಾರೆಯ ಬದಲು ಟೈಲ್ಸ್ ಅಂಟಿನಲ್ಲಿ ಕೂರಿಸಿದರೆ ಎರಡೂ ಗೋಡೆ ಸೇರಿ ಒಂದರಿಂದ ಎರಡಿಂಚು ವಾಪಸು ಬರುತ್ತದೆ. ಹಳೆಯದರ ಮೇಲೆಯೇ ಅಂಟಿಸಿದರೆ ಒಂದಿಂಚು ಹೋಗುತ್ತದೆ. ನಾಲ್ಕಡಿಯಲ್ಲಿ ಮೂರಿಂಚಿನ ಅಂತರ ಭುಜಕ್ಕೆ ತಿಳಿಯುತ್ತದೆ.

ಅಂಗಡಿಯಲ್ಲಿ ಮೂರರ ಸೆಟ್ ತೋರಿಸುತ್ತಾರೆ: ಕೆಳಗೆ ಗಾಢ, ನಡುವೆ ಹೂವಿನದೋ ಅಲೆಯದೋ ಹೈಲೈಟರ್, ಮೇಲೆ ತಿಳಿ. ಶೋರೂಮಿನ ಬೋರ್ಡಿನ ಮೇಲೆ ಚೆಂದವೇ. ಏಳಡಿ ಗೋಡೆಯ ಮೇಲೆ ಅದು ಕೋಣೆಯನ್ನು ಅಡ್ಡಕ್ಕೆ ಮೂರು ಹೋಳು ಮಾಡುತ್ತದೆ. ತಿಳಿ ಟೈಲ್ಸನ್ನು ಮಾತ್ರ ಕೊಳ್ಳಿ, ನೆಲದಿಂದ ಛಾವಣಿಯವರೆಗೆ ಅದೊಂದನ್ನೇ ಹಾಕಿಸಿ. ಬೇರೆ ಬಣ್ಣ ಬೇಕೇ ಬೇಕು ಅನಿಸಿದರೆ ಬಾಗಿಲಿಗೆ ಎದುರಿನ ಗೋಡೆಗೆ ನೆಲದ ಟೈಲ್ಸನ್ನೇ ಹತ್ತಿಸಿ. ನೆಲದ ಗೆರೆ ನಿಲ್ಲದೆ ಗೋಡೆ ಏರಿದರೆ ಕಣ್ಣಿಗೆ ನೆಲ ಎಲ್ಲಿ ಮುಗಿಯಿತೆಂದೇ ತಿಳಿಯುವುದಿಲ್ಲ. ನೆಲಕ್ಕೆ ಅಚ್ಚಬಿಳಿ ಬೇಡ, ಒಂದೇ ಒಂದು ಕೂದಲೂ ಎದ್ದು ಕಾಣುತ್ತದೆ. ತಿಳಿ ಬೂದಿ ಅಥವಾ ಮರಳಿನ ಬಣ್ಣ ಸರಿ.

ಒಂದಡಿಗೆ ಎರಡಡಿಯ ಟೈಲ್ಸನ್ನು ಅಡ್ಡ ಹಾಕಿದರೆ ಕೋಣೆ ಅಗಲವಾಗಿ, ಉದ್ದ ನಿಲ್ಲಿಸಿದರೆ ಎತ್ತರವಾಗಿ ಕಾಣುತ್ತದೆ. ಲಾಫ್ಟಿನ ತಳ ಏಳಡಿಗೇ ಇದ್ದರೆ ಉದ್ದಕ್ಕೆ ನಿಲ್ಲಿಸಿ. ಎರಡನ್ನೂ ಬೆರೆಸಬೇಡಿ.

ಎಷ್ಟು ಬೇಕು ಎಂಬ ಲೆಕ್ಕಕ್ಕೆ ಒಂದು ಉದಾಹರಣೆ: 4 ಅಡಿಗೆ 6 ಅಡಿ ಕೋಣೆ, ಏಳೂವರೆ ಅಡಿ ಎತ್ತರ. ಸುತ್ತಳತೆ 20 ಅಡಿ, ಗೋಡೆ 150 ಚದರ ಅಡಿ. ಬಾಗಿಲಿಗೆ 15, ಕಿಟಕಿಗೆ 4 ಕಳೆದರೆ 131. 300×600 ಮಿ.ಮೀ. ಟೈಲ್ಸ್ ಒಂದು 1.94 ಚದರ ಅಡಿ, ಆದ್ದರಿಂದ 68 ತುಂಡು. ಒಡೆಯುವುದಕ್ಕೂ ಕೊಯ್ಯುವುದಕ್ಕೂ ಹತ್ತರಲ್ಲೊಂದು ಸೇರಿಸಿ 75. ಎಲ್ಲ ಪೆಟ್ಟಿಗೆಗಳ ಮೇಲೂ ಒಂದೇ ಬ್ಯಾಚ್ ನಂಬರ್ ಇರಬೇಕು. ಬ್ಯಾಚ್ ಬದಲಾದರೆ ಬಣ್ಣದ ಛಾಯೆ ಬದಲಾಗುತ್ತದೆ, ಅರ್ಧ ಗೋಡೆ ಹಾಕಿದ ಮೇಲೆ ಅದು ಕಣ್ಣಿಗೆ ಬೀಳುತ್ತದೆ. ನಾಲ್ಕೈದು ತುಂಡು ಲಾಫ್ಟಿನಲ್ಲಿ ಉಳಿಸಿಕೊಳ್ಳಿ.

ಸಂದು 2 ಮಿ.ಮೀ. ಇರಲಿ, ಗ್ರೌಟಿನ ಬಣ್ಣ ಟೈಲ್ಸಿನದೇ ಇರಲಿ. ಬಿಳಿ ಟೈಲ್ಸಿಗೆ ಕಪ್ಪು ಗ್ರೌಟ್ ಹಾಕಿದರೆ ಗೋಡೆ ಚೌಕುಳಿ ಲುಂಗಿಯಂತಾಗುತ್ತದೆ. ನೆಲಕ್ಕೆ ಮತ್ತು ಮೀಯುವ ಗೋಡೆಗೆ ಎಪಾಕ್ಸಿ ಗ್ರೌಟ್ ಹಾಕಿಸಿ. ಮಾಮೂಲಿ ಸಿಮೆಂಟ್ ಗ್ರೌಟ್ ನರಕ ಚತುರ್ದಶಿಯ ಎಣ್ಣೆಸ್ನಾನಕ್ಕೇ ಬಣ್ಣ ಕೆಡುತ್ತದೆ. ಎಪಾಕ್ಸಿಯನ್ನು ಸ್ವಲ್ಪಸ್ವಲ್ಪವೇ ಕಲಸಿ, ಟೈಲ್ಸಿನ ಮೇಲೆ ಉಳಿದದ್ದನ್ನು ಗಟ್ಟಿಯಾಗುವ ಮುಂಚೆ ಒರೆಸಿಬಿಡಬೇಕು. ಗಟ್ಟಿಯಾದರೆ ಮಂಜು ಕವಿದಂಥ ಪದರ ಉಳಿದು ಹೊಳಪು ಸತ್ತೇಹೋಗುತ್ತದೆ. ಗೋಡೆ ಮುಗಿದ ಮೇಲೆ ನಾಣ್ಯದಿಂದ ಪ್ರತಿ ಟೈಲ್ಸನ್ನೂ ಬಡಿದು ನೋಡಿ. ಟೊಳ್ಳು ಸದ್ದು ಬಂದಲ್ಲಿ ಅಂಟು ಪೂರ್ತಿ ಹರಡಿಲ್ಲ.

ಗೋಡೆಯೊಳಗಿನ ಗೂಡು ಶೆಲ್ಫಿಗಿಂತ ಎಷ್ಟೋ ಮೇಲು, ಮೊಣಕೈಗೆ ತಾಗುವುದಿಲ್ಲ. ಆದರೆ ನಾಲ್ಕಿಂಚಿನ ಗೋಡೆಯಲ್ಲಿ ಗೂಡು ಕೊರೆದರೆ ಆಚೆಬದಿ ತೂತಾಗುತ್ತದೆ. ಒಂಬತ್ತಿಂಚಿನ ಗೋಡೆಯಲ್ಲಿ ಅಥವಾ ಕಮೋಡಿನ ಪೆಟ್ಟಿಗೆಯಲ್ಲಿ ಮಾತ್ರ ಮಾಡಿಸಿ. ಆಳ ಮೂರೂವರೆ ಇಂಚು, ತಳ ಸ್ವಲ್ಪ ಮುಂದಕ್ಕೆ ಓರೆ. ಬೀಮು, ಕಂಬಕ್ಕೆ ಉಳಿ ತಾಗಿಸುವಂತಿಲ್ಲ.

ಗಾಜಿನ ತೆರೆ

ಮೀಯುವ ಜಾಗವನ್ನು ಬೇರ್ಪಡಿಸಲು ಪರದೆಗಿಂತ ಗಾಜು ಒಳ್ಳೆಯದು, ಹಿಂದಿನ ಗೋಡೆ ಕಾಣುತ್ತದೆ. 8 ಮಿ.ಮೀ. ಟಫನ್ಡ್ ಗಾಜು, ಎರಡಡಿ ಅಗಲ, ಬಾಗಿಲಿಲ್ಲದ ಒಂದೇ ಹಲಗೆ ಸಾಕು. ಪಾಲಿಕೆಯ ನೀರು ತಾನ್ಸಾ, ಭಾತ್ಸಾ, ವೈತರಣಾದಂಥ ಕೆರೆಗಳದು, ಅದರಿಂದ ಗಾಜಿಗೆ ಕಲೆ ಕಡಿಮೆ. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು ಬರುವ ಕಟ್ಟಡಗಳಲ್ಲಿ, ಪುಣೆಯ ಹೊರವಲಯಗಳಲ್ಲಿ ಸಹ, ವಾರದೊಳಗೆ ಬಿಳಿ ಪದರ ಕಟ್ಟುತ್ತದೆ; ದಿನಾ ರಬ್ಬರ್ ಪಟ್ಟಿಯಿಂದ ಒರೆಸುವವರು ಮನೆಯಲ್ಲಿದ್ದರೆ ಮಾತ್ರ ಹಾಕಿಸಿ. ಬಕೆಟ್ ಸ್ನಾನವೇ ಹೆಚ್ಚಿದ್ದರೆ, ಕೋಣೆ ಐದಡಿಗಿಂತ ಉದ್ದವಿಲ್ಲದಿದ್ದರೆ, ಗಾಜು ಬೇಡವೇ ಬೇಡ.

ಕನ್ನಡಿ, ಬೆಳಕು, ಗಾಳಿ

ಕನ್ನಡಿಯನ್ನು ಕಿಟಕಿಯ ಎದುರಿಗೋ ಪಕ್ಕದ ಗೋಡೆಗೋ ಹಾಕಿ, ಹಗಲಿನ ಬೆಳಕು ಎರಡು ಸಲ ಸಿಗುತ್ತದೆ. ಬಾಗಿಲಿಗೆ ನೇರ ಎದುರು ಕಮೋಡಿದ್ದರೆ ಅದು ಪ್ರತಿಬಿಂಬಿಸುವ ಕಡೆ ಹಾಕಬೇಡಿ, ಒಂದರ ಬದಲು ಎರಡು ಕಮೋಡು ಕಾಣುತ್ತವೆ! ಬೇಸಿನ್ನಿನ ಅಗಲಕ್ಕೆ ನಿಲ್ಲಿಸದೆ ಗೋಡೆಯಿಂದ ಗೋಡೆಗೆ, 40 ಇಂಚು ಎತ್ತರದಿಂದ ಮೇಲಕ್ಕೆ ತುಂಬಿಸಿ. 5 ಮಿ.ಮೀ. ಗಾಜು ಇರಲಿ. ಅಂಟಿಸುವಾಗ ವಿನಿಗರಿನ ಹುಳಿ ವಾಸನೆ ಬರುವ ಸಿಲಿಕೋನ್ ಬಳಸಿದರೆ ಅದರ ಆಮ್ಲ ಹಿಂದಿನ ಪದರವನ್ನು ತಿಂದು ಕಪ್ಪು ಚುಕ್ಕೆ ಬರಿಸುತ್ತದೆ. ನ್ಯೂಟ್ರಲ್ ಸಿಲಿಕೋನ್ ಎಂದು ಕೇಳಿ ತನ್ನಿ. ಸಮುದ್ರದ ಗಾಳಿ ತಾಗುವ ಮನೆಗಳಲ್ಲಿ ಅಂಚುಗಳಿಗೂ ಅದನ್ನೇ ಬಳಿದು ಮುಚ್ಚಿ.

ಛಾವಣಿಯ ನಡುವೆ ಒಂದೇ ಬಲ್ಬ್ ಇದ್ದರೆ ನಾಲ್ಕೂ ಮೂಲೆ ಕತ್ತಲು, ಮುಖದ ಮೇಲೆ ನೆರಳು. 9 ವ್ಯಾಟಿನ ಎಲ್‌ಇಡಿಯನ್ನು ನಡುವಿಗಲ್ಲದೆ ಎದುರು ಗೋಡೆಗೆ ಹತ್ತಿರ ಹಾಕಿ, ಬೆಳಕು ಗೋಡೆಯ ಮೇಲೆ ಜಾರಿ ಇಳಿಯುತ್ತದೆ. ಕನ್ನಡಿಯ ಬಳಿ ಇನ್ನೊಂದು 5 ವ್ಯಾಟಿನದು. ಎರಡೂ 4000 ಕೆಲ್ವಿನ್ (ಹಳದಿಯೂ ಅಲ್ಲದ, ನೀಲಿಯೂ ಅಲ್ಲದ ಬಿಳಿ ಬೆಳಕು), ನೀರು ಸಿಡಿದರೂ ಕೆಡದ ಐಪಿ44 ದರ್ಜೆಯವು. ಬಾತ್‌ರೂಮಿನ ಸರ್ಕ್ಯೂಟಿಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್ಚು) ಇದೆಯೇ ಎಂದು ಎಲೆಕ್ಟ್ರಿಷಿಯನ್ನನ್ನು ಕೇಳಿ ನೋಡಿ.

ಗಾಳಿಯಾಡದ ಬಚ್ಚಲು ಎಷ್ಟು ದೊಡ್ಡದಿದ್ದರೂ ಇಕ್ಕಟ್ಟೇ. ಆರಿಂಚಿನ ಎಕ್ಸಾಸ್ಟ್ ಫ್ಯಾನ್ ಈ ಗಾತ್ರಕ್ಕೆ ಧಾರಾಳ. ಆದರೆ ಬಾಗಿಲಿನಡಿ ಅರ್ಧ ಇಂಚಾದರೂ ಸಂದಿಲ್ಲದಿದ್ದರೆ ಫ್ಯಾನ್ ಎಳೆಯಲು ಗಾಳಿಯೇ ಇರುವುದಿಲ್ಲ, ಸದ್ದು ಮಾತ್ರ. ಕಿಟಕಿಯ ಗಾಜಿನ ಪಟ್ಟಿಗಳಲ್ಲಿ ಮೇಲಿನ ಎರಡನ್ನು ತೆಗೆದು ಫ್ಯಾನ್ ಕೂರಿಸಿ, ಉಳಿದವು ಇರಲಿ.

ಗೀಸರ್ ಬಗ್ಗೆ ಎರಡು ಮಾತು. ನಿಂತ ಗೀಸರ್ ತಲೆಗೆ ತಾಗುವಂತೆ ತೂಗುವ ಬದಲು 15 ಲೀಟರಿನ ಅಡ್ಡ ಗೀಸರನ್ನು ಬಾಗಿಲಿನ ನೆತ್ತಿಯ ಮೇಲೆ ಹಾಕಿಸಿ. ಒಳಗೆ ಬಂದವರ ಕಣ್ಣಿಗೆ ಬೀಳುವುದಿಲ್ಲ. ನಿಂತ ಗೀಸರನ್ನು ಮಲಗಿಸಿ ಹಾಕಬಾರದು. ಅಡ್ಡಕ್ಕೆಂದೇ ಮಾಡಿದ ಮಾದರಿ ಬೇಕು. ಪೈಪ್ ಗ್ಯಾಸ್ ಇದೆ ಎಂದು ಗ್ಯಾಸ್ ಗೀಸರನ್ನು ಬಾತ್‌ರೂಮಿನ ಒಳಗೆ ಹಾಕಿಸಲೇಬೇಡಿ. ಮುಚ್ಚಿದ ಚಿಕ್ಕ ಕೋಣೆಯಲ್ಲಿ ಅದು ಆಮ್ಲಜನಕ ತಿಂದು ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ, ಅದಕ್ಕೆ ವಾಸನೆಯಿಲ್ಲ, ಜೀವ ಹೋಗುತ್ತದೆ. ಅದರ ಜಾಗ ಹೊರಗೆ, ತೆರೆದ ಗಾಳಿಯಲ್ಲಿ.

ಡ್ರಮ್, ಬಕೆಟ್, ವಾಷಿಂಗ್ ಮಷಿನ್

ನೀರು ಹೊತ್ತಿಗಿಷ್ಟು ಬರುವ ಊರಲ್ಲಿ ಡ್ರಮ್ ಇಡಬೇಡಿ ಎನ್ನುವುದು ಸುಲಭ. ಇಡಿ, ಆದರೆ ಬಾಗಿಲಿರುವ ಗೋಡೆಗೇ ಒತ್ತಿ ಇಡಿ. ಹೊರಗಿನಿಂದ ನೋಡುವವರಿಗೆ ಆ ಗೋಡೆ ಕಾಣುವುದಿಲ್ಲ, ಹಾಗಾಗಿ ನೆಲ ಖಾಲಿ ಕಾಣುತ್ತದೆ. ನೆಲದ ಮೇಲೆ ಇರಲೇಬೇಕಾದ ಪ್ರತಿಯೊಂದಕ್ಕೂ ಈ ಉಪಾಯವೇ. ಗುಂಡಗಿನ ಡ್ರಮ್ಮಿಗಿಂತ ಚೌಕದ್ದು ಮೂಲೆಗೆ ಹೊಂದುತ್ತದೆ. ಲಾಫ್ಟಿನ ಮೇಲೆ 200 ಲೀಟರ್ ಟ್ಯಾಂಕ್ ಇಟ್ಟರೆ ನೀರೇ 200 ಕೆ.ಜಿ.; ಲಾಫ್ಟಿನ ಸ್ಲ್ಯಾಬು ತೆಳ್ಳಗಿರುತ್ತದೆ, ಇಂಜಿನಿಯರರನ್ನು ಕೇಳದೆ ಇಡಬೇಡಿ. ಕಾಂಕ್ರೀಟಿನ ಲಾಫ್ಟನ್ನು ಎತ್ತರ ಸಿಗಲೆಂದು ಕತ್ತರಿಸುವುದಕ್ಕೂ ಇದೇ ಮಾತು. ಅದರ ತಳಕ್ಕೆ ಹೊಳೆಯುವ ಬಿಳಿ ಬಣ್ಣ ಹೊಡೆದರೆ ಸಾಕಷ್ಟು ಹಗುರಾಗುತ್ತದೆ.

ಬಕೆಟ್ ತುಂಬುವ ನಲ್ಲಿ ನೆಲದಿಂದ 24 ಇಂಚು ಮೇಲೆ, ಮೂಲೆಯಿಂದ 8 ಇಂಚು ದೂರ ಇದ್ದರೆ 20 ಲೀಟರಿನ ಬಕೆಟ್ ಮೂಲೆಯಲ್ಲೇ ನಿಲ್ಲುತ್ತದೆ. ನಲ್ಲಿ ಗೋಡೆಯ ನಡುವಿದ್ದರೆ ಬಕೆಟ್ಟೂ ಕೋಣೆಯ ನಡುವೆ. ಸ್ಟೂಲನ್ನು ಗೋಡೆಯ ಕೊಕ್ಕೆಗೆ ತೂಗಿಸಿ, ಮಗ್ಗನ್ನೂ. ಕೊಕ್ಕೆ, ಟವೆಲ್ ರಾಡ್ ಎಲ್ಲ 304 ದರ್ಜೆಯ ಸ್ಟೀಲು ಇರಲಿ. ಅಗ್ಗದ್ದು ಒಂದೇ ಮಳೆಗಾಲಕ್ಕೆ ತುಕ್ಕಿನ ಗೆರೆ ಇಳಿಸುತ್ತದೆ.

ಮುಂದೆ ಬಾಗಿಲಿರುವ ವಾಷಿಂಗ್ ಮಷಿನ್ ಎರಡಡಿ ಚೌಕ, ಅಂದರೆ 24ರಲ್ಲಿ 4 ಚದರ ಅಡಿ ಹೋಯಿತು. ಬಾಲ್ಕನಿಗೋ ಅಡುಗೆಮನೆಯ ಕಟ್ಟೆಯಡಿಗೋ ಒಯ್ಯಲು ಸಾಧ್ಯವಿದ್ದರೆ ಒಯ್ಯಿರಿ.

ಸಂಡಾಸು ಬೇರೆ, ಬಚ್ಚಲು ಬೇರೆ ಇದ್ದರೆ

ಹಳೆಯ ಫ್ಲ್ಯಾಟುಗಳಲ್ಲಿ ಮೂರಡಿಗೆ ನಾಲ್ಕಡಿಯ ಸಂಡಾಸು, ಪಕ್ಕದಲ್ಲಿ ನಾಲ್ಕಡಿಗೆ ಐದಡಿಯ ಬಚ್ಚಲು. ನಡುವಿನ ಗೋಡೆ ತೆಗೆದು ಒಂದು ಮಾಡಿದರೆ ನೋಡಲು ವಿಶಾಲ, ನಿಜ. ಆದರೆ ಮನೆಯಲ್ಲಿ ನಾಲ್ಕು ಜನರಿದ್ದು ಇರುವುದು ಇದೊಂದೇ ಆದರೆ ಬೆಳಿಗ್ಗೆ ಬಾಗಿಲು ಬಡಿಯುವ ಗಲಾಟೆ ಶುರು. ಅಂಥ ಮನೆಗಳಲ್ಲಿ ಗೋಡೆ ಉಳಿಸಿ, ಆರಡಿಯ ಮೇಲೆ ಮಾತ್ರ ಒಡೆದು, ಅಲ್ಲಿ ಮಸುಕು ಗಾಜು ಕೂರಿಸಿ. ಕಿಟಕಿಯಿರುವ ಕೋಣೆಯ ಬೆಳಕು ಕಿಟಕಿಯಿಲ್ಲದ ಕೋಣೆಗೂ ಬರುತ್ತದೆ. ಎರಡಕ್ಕೂ ಒಂದೇ ಟೈಲ್ಸ್ ಹಾಕಿಸಿ.

ಬಾಡಿಗೆ ಮನೆಯಲ್ಲಿ

ಒಡೆಯುವಂತಿಲ್ಲ, ಆದರೂ ಒಂದು ಶನಿವಾರ-ಭಾನುವಾರದಲ್ಲಿ ಸಾಕಷ್ಟು ಮಾಡಬಹುದು. ನೆಲದ ಮೇಲಿನದೆಲ್ಲವನ್ನೂ ಹೊರಗಿಟ್ಟು, ವಾರದಲ್ಲಿ ಒಮ್ಮೆಯೂ ಮುಟ್ಟದ್ದನ್ನು ಒಳಗೆ ವಾಪಸು ತರಬೇಡಿ. ಹಳೆಯ ಗ್ರೌಟನ್ನು ಕೆರೆದು, ತಿಳಿಬಣ್ಣದ್ದನ್ನು ತುಂಬಿ. ಹಳೆಯ ಟೈಲ್ಸಿಗೆ ಇದರಷ್ಟು ಜೀವ ಕೊಡುವುದು ಬೇರೊಂದಿಲ್ಲ. ಬಲ್ಬ್ ಬದಲಿಸಿ. ಚಿಕ್ಕ ಕನ್ನಡಿಯನ್ನು ತೆಗೆದು ದೊಡ್ಡದನ್ನು ಹಳೆಯ ಸ್ಕ್ರೂಗಳಿಗೇ ತೂಗಿಸಿ. ಬಣ್ಣಬಣ್ಣದ ಬಕೆಟ್‌ಗಳ ಬದಲು ಬಿಳಿ ಅಥವಾ ಪಾರದರ್ಶಕದ್ದು ತನ್ನಿ. ಹೀರಿಕೊಂಡು ಅಂಟುವ ರಬ್ಬರ್ ಕೊಕ್ಕೆಗಳು ಮಳೆಗಾಲದ ತೇವಕ್ಕೆ ರಾತ್ರಿ ಧಡಾರನೆ ಬೀಳುತ್ತವೆ, ಹೊಳಪಿಲ್ಲದ ಟೈಲ್ಸಿನ ಮೇಲಂತೂ ನಿಲ್ಲುವುದೇ ಇಲ್ಲ. ಬಾಗಿಲಿನ ಮೇಲಂಚಿಗೆ ಸಿಕ್ಕಿಸುವ ಸ್ಟೀಲ್ ಕೊಕ್ಕೆಪಟ್ಟಿ ವಾಸಿ, ಅಥವಾ ಮಾಲೀಕರಿಂದ ವಾಟ್ಸಾಪಿನಲ್ಲಿ ಒಪ್ಪಿಗೆ ಪಡೆದು ಟೈಲ್ಸಿನ ಸಂದಿನಲ್ಲಿ, ಟೈಲ್ಸಿನ ಮೇಲಲ್ಲ, ಎರಡು ತೂತು ಕೊರೆಸಿ. ಮನೆ ಬಿಡುವಾಗ ಸಂದಿನ ತೂತನ್ನು ಒಂದು ಚಮಚ ಗ್ರೌಟಿನಿಂದ ಮುಚ್ಚಬಹುದು.